ಮಾವನವರ ಬೀರುವಿನಲ್ಲಿ ನಿಘಂಟು, ಕೋಶ, ಸಮಗ್ರ ಸಂಪುಟ: ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಕೊಡಬಹುದು?

ಪ್ರಶ್ನೆ: ನಮ್ಮ ಮಾವನವರು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದರು. ಹೋದ ವರ್ಷ ತೀರಿಕೊಂಡರು. ಈಗ ನಾವು ವಿಜಯನಗರದ ಹಳೇ ಮನೆ ಬಿಟ್ಟು ಕೆಂಗೇರಿ ಕಡೆ ಎರಡು ಬೆಡ್‌ರೂಮಿನ ಫ್ಲಾಟಿಗೆ ಹೋಗುತ್ತಿದ್ದೇವೆ. ಅವರ ಪುಸ್ತಕಗಳೇ ಎರಡು ಬೀರು ತುಂಬ ಇವೆ. ಕಾದಂಬರಿಗಳನ್ನು ನೆಂಟರು ಆಗಲೇ ತೆಗೆದುಕೊಂಡು ಹೋದರು. ಉಳಿದಿರುವುದೆಲ್ಲ ದಪ್ಪ ದಪ್ಪ ಪುಸ್ತಕ. ಸಾಹಿತ್ಯ ಪರಿಷತ್ತಿನ ನಿಘಂಟು (ಐದನೇ ಸಂಪುಟ ಇಲ್ಲ), ಮೈಸೂರು ವಿಶ್ವವಿದ್ಯಾಲಯದ ವಿಶ್ವಕೋಶದ ಮೊದಲ ಆರು ಸಂಪುಟ, ಜ್ಞಾನಗಂಗೋತ್ರಿ, ವಿಶ್ವಕಥಾಕೋಶದ ಹತ್ತೋ ಹನ್ನೆರಡೋ ಪುಸ್ತಕ, ಸಮಗ್ರ ವಚನ ಸಂಪುಟ ಪೂರ್ತಿ, ಡಿವಿಜಿ ಕೃತಿ ಶ್ರೇಣಿ, ಕುಮಾರವ್ಯಾಸ ಭಾರತ ಎರಡು, ಅದರಲ್ಲಿ ಒಂದರ ಮೇಲೆ 'ಸಂಗ್ರಹ' ಅಂತ ಇದೆ. ಆಮೇಲೆ ಒಂದು ಕಿಟ್ಟೆಲ್ ನಿಘಂಟು. ಅದರಲ್ಲಿ 1894 ಅಂತ ಇದೆ, ಲಕ್ಷಗಟ್ಟಲೆ ಬೆಲೆ ಬರುತ್ತದೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಕೋಶ, ನಿಘಂಟು, ಸಂಪುಟ, ಸಂಗ್ರಹ, ಸಂಕಲನ ಇವೆಲ್ಲ ಒಂದೇನಾ, ಬೇರೆ ಬೇರೆನಾ ಅಂತಲೇ ನನಗೆ ಗೊತ್ತಾಗುತ್ತಿಲ್ಲ. ನಮ್ಮ ಮನೆಯವರು 'ಎಲ್ಲಾ ಫೋನಲ್ಲೇ ಸಿಗುತ್ತೆ, ಹಳೇ ಪೇಪರ್‌ನವರಿಗೆ ಹಾಕು' ಅಂತಾರೆ. ಮಗಳು ಎಂಟನೇ ಕ್ಲಾಸು, ಕನ್ನಡ ಪ್ರಥಮ ಭಾಷೆ. ಏನು ಇಟ್ಟುಕೊಳ್ಳಲಿ, ಏನು ಕೊಡಲಿ, ಕೊಟ್ಟರೆ ಯಾರಿಗೆ ಕೊಡಲಿ?

ಉತ್ತರ: ನಿಮ್ಮ ಕಷ್ಟ ಅರ್ಥವಾಯಿತು. ಜಾಗ ಇಲ್ಲ, ಎಸೆಯಲು ಮನಸ್ಸಿಲ್ಲ, ಯಾವುದು ಏನು ಅಂತ ತಿಳಿಯದೆ ಕೊಟ್ಟುಬಿಟ್ಟರೆ ಆಮೇಲೆ ಪೇಚಾಡಬೇಕಾಗುತ್ತದೇನೋ ಅನ್ನುವ ಭಯ ಬೇರೆ. ನನ್ನ ಕೆಲಸದ ಬಹುಪಾಲು ಕಳೆದದ್ದು ಗ್ರಂಥಾಲಯದ ರೆಫರೆನ್ಸ್ ವಿಭಾಗದಲ್ಲಿ. ಇಂಥ ಬೀರುಗಳನ್ನು ಬಹಳ ನೋಡಿದ್ದೇನೆ. ಮೊದಲಿಗೆ ಒಂದು ಮಾತು. ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಹಳೇ ಪೇಪರ್‌ನವರನ್ನು ಕರೆಯಬೇಡಿ. ಅಲ್ಲಿ ಕೆ.ಜಿ. ಲೆಕ್ಕ. ಆ ತಕ್ಕಡಿಯಲ್ಲಿ ಹೋದ ವರ್ಷದ ಗೈಡೂ ಒಂದೇ, ವಚನ ಸಂಪುಟವೂ ಒಂದೇ. ಪೂರ್ತಿ ಇದ್ದ ಒಂದು ಸೆಟ್ ಹಾಗೆ ಚೆಲ್ಲಾಪಿಲ್ಲಿಯಾದರೆ ಮತ್ತೆ ಕೂಡಿಸುವುದು ತುಂಬ ಕಷ್ಟ.

ಹೆಸರುಗಳ ಗೊಂದಲ ನಿಮಗೊಬ್ಬರಿಗೇ ಅಲ್ಲ, ಕನ್ನಡ ಎಂ.ಎ. ಓದುವ ಹುಡುಗರಿಗೂ ಇದೆ. 'ಕೋಶ' ಅನ್ನುವ ಪದ ನಮ್ಮಲ್ಲಿ ಎಲ್ಲೆಲ್ಲೋ ಓಡಾಡುತ್ತದೆ. ಸಂಘದ ದುಡ್ಡು ನೋಡಿಕೊಳ್ಳುವವರು ಕೋಶಾಧಿಕಾರಿ. ವಿಜ್ಞಾನದ ಪಾಠದಲ್ಲಿ ಜೀವಕೋಶ. ಸರ್ಕಾರಿ ಕಚೇರಿಯಲ್ಲಿ ಒಂದು ಸಣ್ಣ ವಿಭಾಗಕ್ಕೂ ಕೋಶ ಅಂತ ಬೋರ್ಡು ಹಾಕುತ್ತಾರೆ. 'ದೇಶ ಸುತ್ತು, ಕೋಶ ಓದು' ಅನ್ನುವಾಗ ಅದು ಬರೀ ಪುಸ್ತಕ. ಹಾಗಾಗಿ ಹೆಸರಲ್ಲಿ ಕೋಶ ಇದ್ದ ಮಾತ್ರಕ್ಕೆ ಅದು ಪದದ ಅರ್ಥ ಹೇಳುವ ಪುಸ್ತಕ ಆಗುವುದಿಲ್ಲ. ನಿಮ್ಮ ಬೀರುವಿನಲ್ಲೇ ನೋಡಿ. ವಿಶ್ವಕೋಶದಲ್ಲಿ ಒಂದೊಂದು ವಿಷಯದ ಮೇಲೆ ಒಂದೊಂದು ಬರಹ ಇರುತ್ತದೆ, ಬೇಕಾದಾಗ ತೆಗೆದು ನೋಡಿ ಮುಚ್ಚಿಡುವುದು. ವಿಶ್ವಕಥಾಕೋಶ ಹಾಗಲ್ಲ. ಅದು ನಿರಂಜನ ಅವರು ಸಂಪಾದಿಸಿ ನವಕರ್ನಾಟಕದವರು ತಂದ 25 ಸಂಪುಟಗಳ ಮಾಲೆ, ಬೇರೆ ಬೇರೆ ನಾಡಿನ ಕಥೆಗಳು. ಕೂತು ಓದುವ ಪುಸ್ತಕ. ನಿಮ್ಮ ಹತ್ತಿರ ಇರುವ ಹತ್ತು ಹನ್ನೆರಡನ್ನು 'ಸೆಟ್ ಪೂರ್ತಿ ಇಲ್ಲ' ಅಂತ ಕೊಡಬೇಕಾಗಿಲ್ಲ. ಒಂದೊಂದೂ ತನ್ನ ಪಾಡಿಗೆ ತಾನು ನಿಲ್ಲುತ್ತದೆ. ಕಾದಂಬರಿಗಳ ಜೊತೆ ಇರಬೇಕಾದವು ಅವು, ಮಗಳ ಕೈಗೆ ಸಿಗುವ ಎತ್ತರದಲ್ಲಿಡಿ.

ನಿಘಂಟು ಅಂದರೆ ಪದ ಮತ್ತು ಅದರ ಅರ್ಥ, ಇಷ್ಟು ಎಲ್ಲರಿಗೂ ಗೊತ್ತು. ಬಳಕೆಯಲ್ಲಿ ಮಾತ್ರ ಒಂದು ಸಣ್ಣ ತೊಡಕಿದೆ. ಪುಸ್ತಕದಂಗಡಿಗೆ ಹೋಗಿ 'ಡಿಕ್ಷನರಿ ಕೊಡಿ' ಅಂದರೆ ಇಂಗ್ಲಿಷ್-ಕನ್ನಡದ್ದೇ ಕೈಗೆ ಬರುತ್ತದೆ. ಕನ್ನಡ ಪದಕ್ಕೆ ಕನ್ನಡದಲ್ಲೇ ಅರ್ಥ ಬೇಕಾದರೆ 'ಕನ್ನಡ-ಕನ್ನಡ ನಿಘಂಟು' ಅಂತ ಬಾಯಿಬಿಟ್ಟು ಕೇಳಬೇಕು. ಇನ್ನು ಪದಕೋಶ ಅಂತ ಇದ್ದರೆ ಸಾಮಾನ್ಯವಾಗಿ ಅದು ಒಂದು ಬಗೆಯ ಪದಗಳಿಗಷ್ಟೇ ಸೀಮಿತ. ಜಿ. ವೆಂಕಟಸುಬ್ಬಯ್ಯನವರು ಬೇರೆ ಭಾಷೆಯಿಂದ ಬಂದ ಪದಗಳಿಗೆ 'ಎರವಲು ಪದಕೋಶ' ಮಾಡಿದರು, ಕಷ್ಟದ ಪದಗಳಿಗೆ 'ಕ್ಲಿಷ್ಟಪದ ಕೋಶ' ಮಾಡಿದರು. ಅಂಥದ್ದರಲ್ಲಿ ದಿನಬಳಕೆಯ ಪದ ಹುಡುಕಿ 'ಇದರಲ್ಲಿ ಏನೂ ಇಲ್ಲ' ಅಂದರೆ ಪುಸ್ತಕದ ತಪ್ಪಲ್ಲ.

ನಿಘಂಟು ಅಂದರೆ ಅಕ್ಷರಮಾಲೆಯ ಸಾಲಿನಲ್ಲೇ ಇರಬೇಕು ಅನ್ನುವುದೂ ಪೂರ್ತಿ ನಿಜ ಅಲ್ಲ. ಹಳೆಯವು ಬಾಯಿಪಾಠಕ್ಕೆ ಅಂತ ಪದ್ಯದಲ್ಲಿ ಬರೆದವು. ಅಮರಕೋಶ ವಿಷಯದ ಮೇಲೆ ವರ್ಗ ಮಾಡಿಕೊಂಡು ಹೋಗುತ್ತದೆ. ಕನ್ನಡದಲ್ಲಿ ರನ್ನಕಂದ ಅನ್ನುವ ನಿಘಂಟಿನ ಕೆಲವೇ ಪದ್ಯಗಳು ಉಳಿದಿವೆ. 1398ರ ಮಂಗರಾಜನ ನಿಘಂಟಿದೆ. 16ನೇ ಶತಮಾನದ ಲಿಂಗಮಂತ್ರಿಯ ಪುಸ್ತಕದ ಹೆಸರು 'ಕಬ್ಬಿಗರ ಕೈಪಿಡಿ'. ಕೈಪಿಡಿ ಅಂತ ಓದಿ ಕವಿತೆ ಬರೆಯುವುದು ಹೇಗೆ ಅಂತ ಹೇಳಿಕೊಡುವ ಪುಸ್ತಕ ಅಂದುಕೊಳ್ಳುತ್ತಾರೆ. ತೆಗೆದರೆ ಒಳಗಿರುವುದು ನಿಘಂಟು! ಮೇಷ್ಟ್ರ ಬೀರುವಿನಲ್ಲಿ ಇಂಥ ತೆಳು ಪುಸ್ತಕಗಳು ದಪ್ಪ ಸಂಪುಟಗಳ ಹಿಂದೆ ಸಿಕ್ಕಿಕೊಂಡಿರುವುದು ಮಾಮೂಲು. ಹೆಸರು ನೋಡಿ ಪಕ್ಕಕ್ಕೆ ಹಾಕಬೇಡಿ, ಒಂದು ಸಲ ಬಿಚ್ಚಿ ನೋಡಿ.

ಈಗ ಕಿಟ್ಟೆಲ್. ಬಹಳ ಜನ ಕೇಳುವ ಪ್ರಶ್ನೆ ಇದು. ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಬಂತು. ಸುಮಾರು 70,000 ಪದ, 1700ಕ್ಕೂ ಹೆಚ್ಚು ಪುಟ. ಆದರೆ ಅದನ್ನು ಹಾಗೆಯೇ ಫೋಟೊ ತೆಗೆದಂತೆ ಮತ್ತೆ ಅಚ್ಚು ಹಾಕಿದ್ದಾರೆ. ಅಂಥ ಪ್ರತಿಯಲ್ಲೂ ಮೊದಲ ಪುಟದಲ್ಲಿ 1894 ಅಂತಲೇ ಇರುತ್ತದೆ. ಮನೆಗಳಲ್ಲಿ ನನಗೆ ಸಿಕ್ಕಿರುವುದು ಹೆಚ್ಚಾಗಿ ಇವೇ. ನಿಮ್ಮದು ಯಾವುದು ಅಂತ ನೀವೇ ನೋಡಬಹುದು. ಹೆಸರು ಇರುವ ಪುಟವನ್ನು ತಿರುಗಿಸಿ, ಹಿಂದೆ ಮರುಮುದ್ರಣದ ವರ್ಷ, ಪ್ರಕಾಶಕರ ವಿಳಾಸ ಇದೆಯಾ ನೋಡಿ. ಪಿನ್‌ಕೋಡ್ ಕಂಡರೆ ಅಲ್ಲಿಗೆ ಮುಗಿಯಿತು, ನಮ್ಮ ದೇಶದಲ್ಲಿ ಪಿನ್‌ಕೋಡ್ ಬಂದದ್ದೇ 1972ರಲ್ಲಿ. ಆಮೇಲೆ ನಡುವಿನ ಒಂದು ಹಾಳೆ ತೆಗೆದು ಬೆಳಕಿಗೆ ಓರೆಯಾಗಿ ಹಿಡಿಯಿರಿ, ಹಿಂಭಾಗದಲ್ಲಿ ಬೆರಳು ಮೆಲ್ಲಗೆ ಸವರಿ. ಹಳೇ ಮೊಳೆಯಚ್ಚಿನಲ್ಲಿ ಅಕ್ಷರ ಕಾಗದವನ್ನು ಒತ್ತಿರುತ್ತದೆ, ಹಿಂದೆ ಸಣ್ಣ ಉಬ್ಬು ಕೈಗೆ ಸಿಗುತ್ತದೆ. ಆಫ್‌ಸೆಟ್ ಮರುಮುದ್ರಣದಲ್ಲಿ ಹಾಳೆ ನುಣ್ಣಗೆ ಇರುತ್ತದೆ. ಉಬ್ಬು ಸಿಕ್ಕಿ, ಹಿಂದೆ ಬೇರೆ ಯಾವ ವರ್ಷವೂ ಇಲ್ಲದಿದ್ದರೆ ಮಾತ್ರ ಹಳೇ ಪುಸ್ತಕ ಬಲ್ಲವರಿಗೆ ತೋರಿಸಿ. ಒಬ್ಬರ ಮಾತಿಗೆ ಒಪ್ಪಬೇಡಿ, ಇಬ್ಬರಿಗಾದರೂ ತೋರಿಸಿ.

ಮರುಮುದ್ರಣ ಅಂತ ಗೊತ್ತಾದರೆ ಬೇಜಾರು ಬೇಡ. ಲಕ್ಷದ ಮಾತು ಬಿಡಿ, ಆದರೆ ಬಳಸುವ ಪುಸ್ತಕವಾಗಿ ಅದರ ಬೆಲೆ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಕಿಟ್ಟೆಲ್ ಪದಗಳ ಜೊತೆ ಗಾದೆಗಳನ್ನೂ ಕೊಡುತ್ತಾರೆ, ಅವತ್ತಿನ ಆಡುಮಾತು ಅಲ್ಲಿ ಸಿಗುತ್ತದೆ. ಇದನ್ನು ಇಟ್ಟುಕೊಳ್ಳಿ ಅನ್ನುವುದು ನನ್ನ ಸಲಹೆ.

ಮುಂದಿನದು 'ಸಮಗ್ರ'. ಸಮಗ್ರ ಅಂದರೆ ಆ ಲೇಖಕರು ಬರೆದದ್ದೆಲ್ಲ, ಒಂದಕ್ಷರ ಬಿಡದೆ, ಅಂತ ಜನ ನಂಬುತ್ತಾರೆ. ನಿಜದಲ್ಲಿ ಸಂಪಾದಕರ ಕೈಗೆ ಆ ಹೊತ್ತಿಗೆ ಸಿಕ್ಕಿದ್ದು, ಅವರು ಹಾಕಿಕೊಂಡ ಗೆರೆಯೊಳಗೆ ಬಂದದ್ದು, ಅಷ್ಟು. ಕೆಲವರು ಪತ್ರಗಳನ್ನು ಸೇರಿಸುವುದಿಲ್ಲ. ಕೆಲವರು ಅನುವಾದ ಬಿಡುತ್ತಾರೆ. 'ಸಮಗ್ರ ಕಾವ್ಯ' ಅಂತಿದ್ದರೆ ಅದು ಕಾವ್ಯ ಮಾತ್ರ, ನಾಟಕ ಹುಡುಕಬಾರದು. ಲೇಖಕರು ಬದುಕಿದ್ದಾಗಲೇ ಸಮಗ್ರ ಸಂಪುಟ ಬಂದು, ಆಮೇಲೂ ಅವರು ಬರೆಯುತ್ತಲೇ ಹೋದರೆ ಅದು ತಾನಾಗಿಯೇ ಅಸಮಗ್ರ ಆಗುತ್ತದೆ ಅಲ್ವಾ? ಹೆಸರಲ್ಲಿ ಸಮಗ್ರ ಇಲ್ಲದೆಯೂ ಆ ಕೆಲಸ ಮಾಡುವ ಪುಸ್ತಕಗಳಿವೆ. ಬೇಂದ್ರೆಯವರ ಕವನಗಳನ್ನೆಲ್ಲ ಒಟ್ಟು ಮಾಡಿದ ಸಂಪುಟಗಳ ಹೆಸರು 'ಔದುಂಬರಗಾಥೆ'. ನಿಮ್ಮಲ್ಲಿರುವ ಡಿವಿಜಿಯವರದ್ದು 'ಕೃತಿ ಶ್ರೇಣಿ', ಕನ್ನಡ ಮತ್ತು ಸಂಸ್ಕೃತಿ ನಿರ್ದೇಶನಾಲಯ ತಂದ 11 ಸಂಪುಟ. ಯಾವುದರಲ್ಲಿ ಏನಿದೆ ಅಂತ ತಿಳಿಯಲು ಸಂಪಾದಕರ ಮಾತು ಓದುವುದೊಂದೇ ದಾರಿ. ನಾವೆಲ್ಲ ಮುನ್ನುಡಿ ಹಾರಿಸಿ ಓದುವವರು. ಕಥೆ ಪುಸ್ತಕಕ್ಕೆ ಅದು ನಡೆಯುತ್ತದೆ, ಇಂಥ ಪುಸ್ತಕಕ್ಕೆ ನಡೆಯುವುದಿಲ್ಲ.

ನಿಮ್ಮ ಬೀರುವಿನಲ್ಲಿ ನನ್ನ ಕಣ್ಣಿಗೆ ಎಲ್ಲಕ್ಕಿಂತ ದೊಡ್ಡದು ಸಮಗ್ರ ವಚನ ಸಂಪುಟ. ಎಂ.ಎಂ. ಕಲಬುರ್ಗಿಯವರು ಪ್ರಧಾನ ಸಂಪಾದಕರಾಗಿ 1993ರಲ್ಲಿ ಬಂದ 15 ಸಂಪುಟ. ಮೊದಲನೆಯದು ಬಸವಣ್ಣನವರದು, ಎರಡನೆಯದು ಅಲ್ಲಮನದು, ಮೂರನೆಯದು ಚನ್ನಬಸವಣ್ಣನವರದು, ಹೀಗೆ ಸಾಗಿ ಕೊನೆಯದರಲ್ಲಿ ವಚನಗಳ ಪಾರಿಭಾಷಿಕ ಪದಗಳ, ಅಂದರೆ ಅಲ್ಲಿ ವಿಶೇಷ ಅರ್ಥದಲ್ಲಿ ಬರುವ ಪದಗಳ ಕೋಶ. ಅಂದರೆ ಒಂದೇ ಸೆಟ್ಟಿನಲ್ಲಿ ಕೃತಿಯೂ ಇದೆ, ಅದನ್ನು ಬಿಡಿಸಿ ಹೇಳುವ ಕೋಶವೂ ಇದೆ. ಆ 15ನೆಯದನ್ನು ಬೇರೆ ಪುಸ್ತಕ ಅಂದುಕೊಂಡು ಅದೊಂದನ್ನೇ ಕೊಟ್ಟುಬಿಡುವುದನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಇದು ದಿನಬಳಕೆಗೆ ಹೇಗೆ ಬರುತ್ತದೆ ಅಂತ ಹೇಳುತ್ತೇನೆ. ವಾಟ್ಸಾಪಿನಲ್ಲಿ ಬೆಳಗಾದರೆ ಒಂದು ವಚನ ಬರುತ್ತದೆ, ಕೆಳಗೆ ಬಸವಣ್ಣ ಅಂತ ಹೆಸರು. ಅದು ನಿಜವಾಗಿ ಬಸವಣ್ಣನವರದಾ, ಬೇರೆ ಶರಣರದಾ, ಇಲ್ಲ ಯಾರೋ ಈಚೆಗೆ ಬರೆದು ಹೆಸರು ಅಂಟಿಸಿದ್ದಾ? ಸಂಪುಟದ ಕೊನೆಗೆ ಹೋಗಿ, ಅಲ್ಲಿ ವಚನಗಳ ಅಕಾರಾದಿ ಇರುತ್ತದೆ. ಪ್ರತಿ ವಚನದ ಮೊದಲ ಸಾಲನ್ನು ಅಕ್ಷರದ ಸಾಲಿನಲ್ಲಿ ಜೋಡಿಸಿ ಎದುರಿಗೆ ಸಂಖ್ಯೆ ಕೊಟ್ಟಿರುತ್ತಾರೆ. ಮೊದಲ ಎರಡು ಪದ ಗೊತ್ತಿದ್ದರೆ ಸಾಕು, ಒಂದು ನಿಮಿಷದ ಕೆಲಸ. ಒಂದೇ ಮಾತು ನೆನಪಿಡಿ. ವಾಟ್ಸಾಪಿನವರು ನಡುವಿನ ಸಾಲು ಕಿತ್ತು ಹಾಕಿರುತ್ತಾರೆ, ಹಾಗಿದ್ದಾಗ ಅಕಾರಾದಿಯಲ್ಲಿ ಸಿಗುವುದಿಲ್ಲ. ಅದಕ್ಕೆ ವಚನ ಸಂಚಯ ಅನ್ನುವ ಜಾಲತಾಣ ಒಳ್ಳೆಯದು, ನಡುವಿನ ಪದ ಹಾಕಿದರೂ ಹುಡುಕುತ್ತದೆ. ಅಲ್ಲಿ ಸಿಕ್ಕಿದ್ದನ್ನು ಪುಸ್ತಕ ತೆಗೆದು ಒಂದು ಸಲ ತಾಳೆ ನೋಡಿ. ಅಕ್ಷರ ತಪ್ಪು ಇದ್ದರೆ ಗೊತ್ತಾಗುತ್ತದೆ.

ಸಂಕಲನ ಅಂದರೆ ಆರಿಸಿ ಒಟ್ಟು ಮಾಡಿದ್ದು. ಒಬ್ಬರದೇ ಕವನ ಸಂಕಲನ ಇರಬಹುದು, ಹಲವರದೂ ಇರಬಹುದು. ಸಂಕಲನ ಅಂದರೆ ಎರಡನೇ ದರ್ಜೆ, ಮೂಲ ಪುಸ್ತಕವೇ ಬೇಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 13ನೇ ಶತಮಾನದಲ್ಲಿ ಮಲ್ಲಿಕಾರ್ಜುನ ಅನ್ನುವವನು 'ಸೂಕ್ತಿಸುಧಾರ್ಣವ' ಅಂತ ಒಂದು ಸಂಕಲನ ಮಾಡಿದ. ಅಲ್ಲಿಂದ ಇಲ್ಲಿಂದ ಕವಿಗಳ ಪದ್ಯ ಆರಿಸಿ, ವರ್ಣನೆಯ ಪ್ರಕಾರ ಜೋಡಿಸಿದ. ಅದರಲ್ಲಿರುವ ಕೆಲವು ಪದ್ಯಗಳ ಮೂಲ ಕಾವ್ಯ ಇವತ್ತಿಗೂ ಸಿಕ್ಕಿಲ್ಲ. ಅವನು ಆರಿಸಿ ಬರೆದಿಡದಿದ್ದರೆ ಆ ಪದ್ಯಗಳೂ ನಮಗೆ ಇರುತ್ತಿರಲಿಲ್ಲ.

ಆದರೆ 'ಸಂಗ್ರಹ' ಅನ್ನುವ ಪದದ ಹತ್ತಿರ ಹುಷಾರು. 'ಗಾದೆಗಳ ಸಂಗ್ರಹ' ಅಂದರೆ ಗಾದೆಗಳನ್ನು ಕೂಡಿಹಾಕಿದ್ದು, ಎಷ್ಟು ಜಾಸ್ತಿ ಇದ್ದರೆ ಅಷ್ಟು ಒಳ್ಳೆಯದು. ಅದೇ ಒಂದು ಹಳೇ ಕಾವ್ಯದ ಹೆಸರಿನ ಪಕ್ಕದಲ್ಲಿ ಸಂಗ್ರಹ ಅಂತಿದ್ದರೆ ಅರ್ಥ ತಿರುಗಿಬಿಡುತ್ತದೆ, ಅದು ಕಾವ್ಯವನ್ನು ಇಳಿಸಿ ಚಿಕ್ಕದು ಮಾಡಿದ ಪುಸ್ತಕ. ನಿಮ್ಮ ಎರಡು ಕುಮಾರವ್ಯಾಸ ಭಾರತದ ಕಥೆ ಇದೇ ಇರಬೇಕು. ಪರೀಕ್ಷೆ ಮಾಡುವುದು ಸುಲಭ. ಕುಮಾರವ್ಯಾಸ ಬರೆದದ್ದು ಹತ್ತು ಪರ್ವ, ಗದಾಪರ್ವಕ್ಕೆ ಮುಗಿಯುತ್ತದೆ. ಆದ್ದರಿಂದ ಹದಿನೆಂಟು ಪರ್ವ ಇಲ್ಲ ಅಂತ ಪುಸ್ತಕವನ್ನು ಅರ್ಧ ಅನ್ನಬೇಡಿ. ಪೂರ್ತಿ ಕಾವ್ಯದಲ್ಲಿ ಎಂಟು ಸಾವಿರಕ್ಕೂ ಮೇಲೆ ಷಟ್ಪದಿಗಳಿವೆ. ಯಾವುದಾದರೂ ಒಂದು ಸಂಧಿ, ಅಂದರೆ ಅಧ್ಯಾಯ, ತೆಗೆದು ಎರಡೂ ಪುಸ್ತಕವನ್ನು ಅಕ್ಕಪಕ್ಕ ಇಡಿ. ಒಂದರಲ್ಲಿ ಪದ್ಯದ ಸಂಖ್ಯೆ ಹಾರಿದ್ದರೆ ಅಥವಾ ಪದ್ಯಗಳೇ ಕಡಿಮೆ ಇದ್ದರೆ ಅದೇ ಸಂಗ್ರಹ. ಸರ್ಕಾರದ ಕಡೆಯಿಂದ 1958ರಲ್ಲಿ ಕುವೆಂಪು ಮತ್ತು ಮಾಸ್ತಿ ಸಂಪಾದಿಸಿದ ಪೂರ್ತಿ ಭಾರತ ಬಂದಿತ್ತು, ಮೇಷ್ಟ್ರ ಮನೆಗಳಲ್ಲಿ ಅದು ತುಂಬ ಕಡೆ ಇದೆ. ನಿಮ್ಮದೂ ಅದೇ ಆಗಿದ್ದರೆ ಖಂಡಿತ ಬಿಡಬೇಡಿ. ಸಂಗ್ರಹವನ್ನೂ ಈಗಲೇ ಕೊಡಬೇಡಿ, ಎಂಟನೇ ಕ್ಲಾಸಿನ ಹುಡುಗಿಗೆ ಮೊದಲು ಓದಲು ಅದೇ ಸರಿ. ಅವಳು ಪಿ.ಯು. ಮುಗಿಸಿದ ಮೇಲೆ ಬೇರೆ ಮಕ್ಕಳಿಗೆ ಕೊಡಿ.

ವಿಶ್ವಕೋಶಕ್ಕೆ ಬರೋಣ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶ ಒಟ್ಟು 14 ಸಂಪುಟ. ಮೊದಲನೆಯದು 1969ರಲ್ಲಿ ಬಂತು, ಕೊನೆಯದು 2004ರಲ್ಲಿ. ಅಕ್ಷರದ ಸಾಲಿನಲ್ಲಿ ಬರೆಯುತ್ತಾ ಹೋದದ್ದರಿಂದ 'ಅ' ಅಕ್ಷರದ ವಿಷಯಗಳಿಗೂ 'ಹ' ಅಕ್ಷರದವಕ್ಕೂ ಮೂವತ್ತು ವರ್ಷಕ್ಕಿಂತ ಜಾಸ್ತಿ ಅಂತರ. ಮೊದಲ ಸಂಪುಟ ಬಂದಾಗ ನಮ್ಮ ರಾಜ್ಯದ ಹೆಸರೇ ಮೈಸೂರು, ಕರ್ನಾಟಕ ಅಂತ ಆದದ್ದು 1973ರಲ್ಲಿ. ಹಾಗಾಗಿ ಜನಸಂಖ್ಯೆ, ದೇಶದ ಗಡಿ, ಔಷಧಿ, ಯಂತ್ರ, ಇಂಥದ್ದಕ್ಕೆ ನಿಮ್ಮ ಆರು ಸಂಪುಟಗಳನ್ನು ನಂಬಬಾರದು. ಮಗಳು ಪ್ರಾಜೆಕ್ಟಿಗೆ ಅದರಿಂದ ಅಂಕಿ ಎತ್ತಿ ಬರೆದರೆ ತಪ್ಪಾಗುತ್ತದೆ. ಆದರೆ ಹಳೇ ಕವಿಗಳು, ರಾಜಮನೆತನಗಳು, ಊರಿನ ಇತಿಹಾಸ, ಗಿಡಮರ, ಸಂಗೀತ ಇವುಗಳ ಬರಹ ಅಷ್ಟು ಬೇಗ ಹಳತಾಗುವುದಿಲ್ಲ. ವಿಷಯ ಬಲ್ಲವರು ನೇರವಾಗಿ ಕನ್ನಡದಲ್ಲೇ ಬರೆದದ್ದು ಅದು. ಹೀಗಿದ್ದರೂ, ಬೀರುವಿನಲ್ಲಿ ಏನಾದರೂ ಬಿಡಲೇಬೇಕು ಅಂದರೆ ನಾನು ಮೊದಲು ಈ ಆರು ಸಂಪುಟಕ್ಕೆ ಕೈ ಹಾಕುತ್ತೇನೆ. ಕಾರಣ, ಕನ್ನಡ ವಿಕಿಸೋರ್ಸ್‌ನಲ್ಲಿ ಈ ವಿಶ್ವಕೋಶ ಓದಲು ಸಿಗುತ್ತದೆ. ಜ್ಞಾನಗಂಗೋತ್ರಿಯೂ ನಿರಂಜನರದೇ, ಕಿರಿಯರಿಗೆ ಮಾಡಿದ 7 ಸಂಪುಟ, ವಿಷಯದ ಮೇಲೆ ವಿಂಗಡಿಸಿದ್ದು. ಅದರಲ್ಲಿ ವಿಜ್ಞಾನ, ತಂತ್ರಜ್ಞಾನದ ಸಂಪುಟಗಳಿಗೆ ವಯಸ್ಸಾಗಿದೆ. ಸಾಹಿತ್ಯ, ಕಲೆ, ಇತಿಹಾಸದವು ಇವತ್ತಿಗೂ ನಡೆಯುತ್ತವೆ.

ಹಾಗಾದರೆ ನಿಮ್ಮ ಮನೆಯವರು ಹೇಳಿದ್ದು ಸರಿನಾ, ಎಲ್ಲಾ ಫೋನಲ್ಲಿ ಇದೆಯಾ? ಅರ್ಧ ಸರಿ. ಕನ್ನಡ-ಇಂಗ್ಲಿಷ್ ಪದಕ್ಕೆ 'ಅಲರ್' ಇದೆ, ವಿ. ಕೃಷ್ಣ ಅವರು ವರ್ಷಗಟ್ಟಲೆ ಒಬ್ಬರೇ ಕೂತು ಮಾಡಿದ ನಿಘಂಟು ಅದು, ಒಂದೂವರೆ ಲಕ್ಷ ಪದ, ಪುಕ್ಕಟೆ. ಸರ್ಕಾರದ 'ಕಣಜ' ಅನ್ನುವ ಜಾಲತಾಣ ಇದೆ. ಬೇಗ ಒಂದು ಅರ್ಥ ಬೇಕು ಅಂದಾಗ ನಾನೂ ಫೋನೇ ತೆಗೆಯುತ್ತೇನೆ. ಆದರೆ ಸುಮ್ನೆ ಗೂಗಲ್ ಮಾಡಿ ಮೊದಲು ಬಂದದ್ದನ್ನು ನಂಬುವುದು ಬೇರೆ, ಒಂದು ಪದ ಯಾವ ಕಾಲದಲ್ಲಿ ಯಾರ ಬರಹದಲ್ಲಿ ಹೇಗೆ ಬಳಕೆಯಾಯಿತು ಅಂತ ನೋಡುವುದು ಬೇರೆ. ಎರಡನೆಯದಕ್ಕೆ ಪರಿಷತ್ತಿನ ನಿಘಂಟು ಬೇಕು. 1970ರಿಂದ 1995ರವರೆಗೆ ಒಂದೊಂದಾಗಿ ಬಂದ 8 ಸಂಪುಟ, ಒಂಬತ್ತು ಸಾವಿರಕ್ಕೂ ಹೆಚ್ಚು ಪುಟ. ಪದ, ಅರ್ಥ, ಅದರ ಕೆಳಗೆ ಶಾಸನದಿಂದ ಹಿಡಿದು ಹೊಸಗನ್ನಡದವರೆಗೆ ಪ್ರಯೋಗಗಳು. ಒಂದು ಪದದ ವಯಸ್ಸು, ನಡೆ ಎರಡೂ ಒಂದೇ ಪುಟದಲ್ಲಿ ಕಾಣುತ್ತದೆ.

'ನಿಘಂಟಲ್ಲಿ ಇಲ್ಲ, ಹಾಗಾದರೆ ಅದು ಕನ್ನಡ ಪದವೇ ಅಲ್ಲ' ಅನ್ನುವ ಮಾತನ್ನು ಮೇಷ್ಟ್ರುಗಳೂ ಹೇಳುತ್ತಾರೆ. ಇದು ತಪ್ಪು. ನಿಘಂಟು ಬರಹದಲ್ಲಿ ಸಿಕ್ಕಿದ್ದನ್ನು ಹೆಚ್ಚು ಹಿಡಿಯುತ್ತದೆ, ಒಂದು ಸೀಮೆಯ ಅಡುಗೆಮನೆಯ ಮಾತು, ಗದ್ದೆಯ ಮಾತು ಎಷ್ಟೋ ಹೊರಗೇ ಉಳಿಯುತ್ತವೆ. ಅದಕ್ಕಿಂತ ಮುಖ್ಯ, ಬಹಳ ಸಲ ಪದ ಇರುತ್ತದೆ, ನಾವು ತಪ್ಪು ಜಾಗದಲ್ಲಿ ಹುಡುಕುತ್ತಿರುತ್ತೇವೆ. ಮಗಳಿಗೆ ಇದನ್ನು ನೀವೇ ಕೂತು ತೋರಿಸಿ. 'ಕ್ಷಮೆ' ಹುಡುಕು ಅನ್ನಿ. ಗೋಡೆಗೆ ಹಾಕುವ ಅಕ್ಷರಮಾಲೆಯ ಪಟದಲ್ಲಿ ಕ್ಷ, ಜ್ಞ ಕೊನೆಯಲ್ಲಿ ಇರುತ್ತವೆ. ಅವಳು ಕೊನೆಯ ಸಂಪುಟ ತೆಗೆಯುತ್ತಾಳೆ, ಸಿಗುವುದಿಲ್ಲ. ಕ್ಷ ಅಂದರೆ ಕಕಾರಕ್ಕೆ ಷಕಾರದ ಒತ್ತು, ಆದ್ದರಿಂದ ಅದು 'ಕ' ದಲ್ಲೇ, ಕೌ ಮುಗಿದ ಮೇಲೆ ಬರುವ ಒತ್ತಕ್ಷರಗಳ ಸಾಲಿನಲ್ಲಿ ಇರುತ್ತದೆ. ಜ್ಞಾನ ಹಾಗೆಯೇ 'ಜ' ದಲ್ಲಿ. ಕ್ರಮ, ಕ್ಲೇಶ ಇವೂ ಕೌ ಆದ ಮೇಲೆ. ಸೊನ್ನೆಯ ಜಾಗ ಎಲ್ಲಾ ನಿಘಂಟಿನಲ್ಲೂ ಒಂದೇ ಅಲ್ಲ, ಅಂಗಡಿ, ಅಂಗಳ ಎಲ್ಲಿವೆ ಅಂತ ಒಂದು ಸಲ ನೋಡಿಕೊಂಡರೆ ಆ ಪುಸ್ತಕದ ಲೆಕ್ಕ ಸಿಕ್ಕಿಬಿಡುತ್ತದೆ.

ಎರಡನೆಯದು ಕ್ರಿಯಾಪದ. 'ನಿಂತನು' ಅಂತ ಹುಡುಕಿದರೆ ಸಿಗಲ್ಲ, 'ನಿಲ್ಲು' ನೋಡಬೇಕು. ಕೊಂದ ಅನ್ನುವುದಕ್ಕೆ ಕೊಲ್ಲು, ಸತ್ತ ಅನ್ನುವುದಕ್ಕೆ ಸಾಯು. ಮೂರನೆಯದು ಪಕಾರ ಹಕಾರ. ಈಗಿನ ಹಾಲು ಹಳಗನ್ನಡದಲ್ಲಿ ಪಾಲ್, ಹೂವು ಪೂ. ಪಾಠದಲ್ಲಿ ಹಳಗನ್ನಡ ಪದ್ಯ ಬಂದಾಗ 'ಪ' ಇರುವ ಜಾಗಕ್ಕೆ 'ಹ' ಇಟ್ಟು ನೋಡು ಅಂದರೆ ಎಷ್ಟೋ ಪದ ನಿಘಂಟು ಇಲ್ಲದೆಯೂ ಬಿಡಿಸಿಕೊಳ್ಳುತ್ತವೆ. ಇದನ್ನೆಲ್ಲ ಎಂಟು ಸಂಪುಟ ಹೊತ್ತು ಮಾಡಬೇಕಾಗಿಲ್ಲ. ದಿನಾ ಮೇಜಿನ ಮೇಲೆ ಇರಲು ಪರಿಷತ್ತಿನದೇ 'ಸಂಕ್ಷಿಪ್ತ ಕನ್ನಡ ನಿಘಂಟು' ಒಂದೇ ಸಂಪುಟದಲ್ಲಿ ಇದೆ, ಅದನ್ನು ಕೊಡಿಸಿ. ದೊಡ್ಡದು ಬೀರುವಿನಲ್ಲಿರಲಿ.

ಇನ್ನು ಕೊಡುವ ಮಾತು. 'ಲೈಬ್ರರಿಗೆ ಕೊಟ್ಟರೆ ಆಯಿತು' ಅಂತ ಎಲ್ಲರೂ ಸಲೀಸಾಗಿ ಹೇಳುತ್ತಾರೆ. ಗ್ರಂಥಾಲಯಗಳು ಎಲ್ಲವನ್ನೂ ತೆಗೆದುಕೊಳ್ಳುವುದಿಲ್ಲ. ಅವರಲ್ಲಿ ಆಗಲೇ ಇರುವುದು, ಸಂಪುಟ ಕಳೆದುಹೋದ ಸೆಟ್ಟು, ಗೆದ್ದಲು ಹಿಡಿದದ್ದು ಬೇಡ ಅಂತಾರೆ. ಅವರಿಗೂ ಜಾಗದ ಕಷ್ಟ. ಕೇಳದೆ ಮೂಟೆ ಕಟ್ಟಿ ತಂದು ಇಳಿಸಿದರೆ ಆ ಮೂಟೆ ಬಿಚ್ಚುವವರಿಲ್ಲದೆ ಮೂಲೆಯಲ್ಲಿ ಕೂರುವ ಅಪಾಯ ಇದೆ. ಅದಕ್ಕೆ ಮೊದಲು ಪಟ್ಟಿ ಮಾಡಿ. ಹೆಸರು, ಸಂಪಾದಕರು, ಯಾವ ಸಂಪುಟ, ಯಾವ ವರ್ಷದ ಮುದ್ರಣ, ಹಾಳೆ ಹೇಗಿದೆ, ಇಷ್ಟು ಸಾಕು. ಪಟ್ಟಿಯನ್ನು ಕಳಿಸಿ 'ಇದರಲ್ಲಿ ಯಾವುದು ಬೇಕು' ಅಂತ ಕೇಳಿ. ನಿಮ್ಮ ಮಾವ ಕೆಲಸ ಮಾಡಿದ ಶಾಲೆಗೆ ಮೊದಲು ಕೇಳಿ ನೋಡಿ, ಅಲ್ಲಿ ಬೀರು ಇದೆಯಾ, ಬೀಗದ ಕೈ ಯಾರ ಹತ್ತಿರ ಇರುತ್ತದೆ, ಮಕ್ಕಳಿಗೆ ಕೊಡುತ್ತಾರಾ ಅಂತಲೂ ಕೇಳಿ. ಎನ್.ಆರ್. ಕಾಲೋನಿಯ ಬಿ.ಎಂ.ಶ್ರೀ. ಸ್ಮಾರಕ ಪ್ರತಿಷ್ಠಾನ, ಬುಲ್ ಟೆಂಪಲ್ ರಸ್ತೆಯ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಇಂಥ ಕಡೆ ಕನ್ನಡ ಪುಸ್ತಕ ಹುಡುಕಿಕೊಂಡು ಬರುವ ಓದುಗರಿದ್ದಾರೆ. ತೆಗೆದುಕೊಳ್ಳುತ್ತಾರಾ ಅಂತ ಫೋನ್ ಮಾಡಿ ತಿಳಿದುಕೊಂಡೇ ಹೋಗಿ. ಮಾರುವುದಾದರೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದವರು ಇದ್ದಾರೆ, ಆದರೆ ಅವರು ಒಡೆದು ಮಾರಬಹುದು. ಪೂರ್ತಿ ಸೆಟ್ ಅಲ್ಲಿಗೆ ಬೇಡ.

ಯಾವುದನ್ನೇ ಕೊಡುವ ಮೊದಲು ಅಂಚುಗಳನ್ನು ನೋಡಿ. ಮೇಷ್ಟ್ರುಗಳು ನಿಘಂಟಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತಾರೆ, 'ನಮ್ಮ ಕಡೆ ಹೀಗೂ ಅಂತಾರೆ', 'ಇಂಥ ಕಾವ್ಯದಲ್ಲಿಯೂ ಇದೆ' ಅಂತ. ಹೊಸ ಪ್ರತಿ ಎಷ್ಟು ಬೇಕಾದರೂ ಕೊಳ್ಳಬಹುದು, ಅವರ ಕೈಬರಹದ ಈ ಟಿಪ್ಪಣಿ ಎಲ್ಲಿಯೂ ಸಿಗುವುದಿಲ್ಲ. ಅಂಥ ಪುಸ್ತಕ ಎಷ್ಟೇ ಹರಿದಿದ್ದರೂ ನಿಮ್ಮ ಹತ್ತಿರವೇ ಇರಲಿ. ಹರಿದ ಹಾಳೆಗೆ ಸೆಲ್ಲೋಟೇಪ್ ಮಾತ್ರ ಅಂಟಿಸಬೇಡಿ, ಕೆಲವು ವರ್ಷದಲ್ಲಿ ಅಂಟು ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ. ಹೊಸ ಫ್ಲಾಟಿನಲ್ಲಿ ಬೀರು ಬಾತ್‌ರೂಮಿನ ಗೋಡೆಗೆ ತಾಗಿಕೊಂಡಿರಬಾರದು.

ನನ್ನ ಲೆಕ್ಕದಲ್ಲಿ ಪರಿಷತ್ತಿನ ನಿಘಂಟು, ಕಿಟ್ಟೆಲ್, ವಚನ ಸಂಪುಟ, ಡಿವಿಜಿ, ಕುಮಾರವ್ಯಾಸ, ಕಥಾಕೋಶ ಇಷ್ಟೂ ಒಂದು ಬೀರುವಿನಲ್ಲಿ ಹಿಡಿಯುತ್ತವೆ. ವಿಶ್ವಕೋಶ, ಜ್ಞಾನಗಂಗೋತ್ರಿಯ ವಿಜ್ಞಾನದ ಭಾಗ ಹೋಗಬಹುದು. ಜಾಗ ಇನ್ನೂ ಸಾಲದಿದ್ದರೆ ಡಿವಿಜಿ ಶ್ರೇಣಿಯನ್ನು ಪೂರ್ತಿಯಾಗಿ, ಒಡೆಯದೆ, ಓದುವ ನೆಂಟರೊಬ್ಬರ ಮನೆಯಲ್ಲಿಡಿ.

ಕೊನೆಗೆ ಆ ಇಲ್ಲದ ಐದನೇ ಸಂಪುಟ. ಒಂದು ಸಂಪುಟ ಹೋದರೆ ನಿಘಂಟು ಕೆಲಸಕ್ಕೆ ಬಾರದೆ ಹೋಗುವುದಿಲ್ಲ, ಆ ಅಕ್ಷರಗಳು ಮಾತ್ರ ಇರುವುದಿಲ್ಲ. ಬಿಡಿ ಸಂಪುಟಕ್ಕೆ ಮೊದಲು ಚಾಮರಾಜಪೇಟೆಯಲ್ಲಿ ಪರಿಷತ್ತಿನಲ್ಲೇ ವಿಚಾರಿಸಿ, ಆಮೇಲೆ ಅವೆನ್ಯೂ ರಸ್ತೆ, ಚರ್ಚ್ ಸ್ಟ್ರೀಟ್ ಕಡೆಯ ಹಳೇ ಪುಸ್ತಕದಂಗಡಿಗಳು. ಬೇರೆ ಬೇರೆ ಮುದ್ರಣದಲ್ಲಿ ಸಂಪುಟ ಒಡೆಯುವ ಜಾಗ ಬೇರೆ ಆಗಿರಬಹುದು, ಬೆನ್ನಿನ ಮೇಲೆ 5 ಅಂತ ಇದ್ದ ಮಾತ್ರಕ್ಕೆ ದುಡ್ಡು ಕೊಡಬೇಡಿ. ನಿಮ್ಮ ನಾಲ್ಕನೇ ಸಂಪುಟದ ಕೊನೆಯ ಪದ, ಆರನೆಯದರ ಮೊದಲ ಪದ, ಎರಡನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ ತಾಳೆ ನೋಡಿ ತೆಗೆದುಕೊಳ್ಳಿ. ಅದು ಸಿಗುವವರೆಗೆ, ಆ ಅಕ್ಷರದ ಪದ ಬೇಕಾದಾಗ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಮಗಳನ್ನು ಕರೆದುಕೊಂಡು ಹೋಗಿ, ನಿಘಂಟನ್ನು ಅಲ್ಲೇ ಕೂತು ನೋಡಬಹುದು.